ಬಲ್ಮಠದ ಉಪದೇಶಿ ಶಾಲೆ: ಕನ್ನಡಕ್ಕೆ ಪತ್ರಿಕೆ, ನಿಘಂಟು ಬಂದ ದಾರಿಯಲ್ಲಿ ನಿಂತಿರುವ ಕ್ರೈಸ್ತ ಕಾಲೇಜಿನ ಕಥೆ

ಸಾಗರ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಉಪದೇಶಿ ಜೀವರತ್ನಯ್ಯ ನೆನಪಿರಬಹುದು. ತೀರ್ಥಹಳ್ಳಿ ಸೀಮೆಯ ಕಾಡುದಾರಿಗೆ ಮೊದಲ ಸೈಕಲ್ ಬರುವುದು ಆ ಕಾದಂಬರಿಯಲ್ಲಿ ಪಾದ್ರಿಗಳ ಮೂಲಕವೇ. ಸೈಕಲ್ ಅನ್ನೋ ಹೆಸರು ಬಾಯಿಗೆ ಹತ್ತದೆ ಜನ ಅದನ್ನು ‘ಬೀಸೆಕಲ್ಲು ಸವಾರಿ’ ಅಂತ ಕರೀತಾರೆ. ಜೀವರತ್ನಯ್ಯ ಕಾದಂಬರಿಯ ಪಾತ್ರ. ಆದರೆ ‘ಉಪದೇಶಿ’ ಅನ್ನೋದು ನಿಜವಾದ ಹುದ್ದೆ. ಊರೂರು ತಿರುಗಿ ಬೈಬಲ್ ಓದಿ ಹೇಳುವುದು, ಸಣ್ಣ ಶಾಲೆ ನಡೆಸುವುದು, ಹೊಸದಾಗಿ ಕ್ರೈಸ್ತರಾದವರಿಗೆ ಪಾಠ ಹೇಳುವುದು ಅವರ ಕೆಲಸ.

ಈ ಉಪದೇಶಿಗಳನ್ನು ತಯಾರು ಮಾಡುತ್ತಿದ್ದವರು ಯಾರು? ಎಲ್ಲಿ ಓದಿಸುತ್ತಿದ್ದರು? ಇದಕ್ಕೆ ಉತ್ತರ ಹುಡುಕಿದರೆ ಘಟ್ಟ ಇಳಿದು ಮಂಗಳೂರಿನ ಬಲ್ಮಠ ಗುಡ್ಡಕ್ಕೆ ಹೋಗಬೇಕು. ಅಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಬೇರು 1847ರಷ್ಟು ಹಿಂದಕ್ಕೆ ಹೋಗುತ್ತದೆ. ಕನ್ನಡದ ಮೊದಲ ಪತ್ರಿಕೆ, ಕಿಟೆಲ್ ನಿಘಂಟು, ನಮ್ಮ ಹಳೇ ಮನೆಗಳ ಮಂಗಳೂರು ಹೆಂಚು, ಈ ಮೂರಕ್ಕೂ ಆ ಗುಡ್ಡದ ನಂಟಿದೆ. ಮತಾಂತರದ ವಿಚಾರ ಬಂದಾಗೆಲ್ಲ ವಾದಕ್ಕೆ ಸಿಗುವ ಹೆಸರೂ ಅದರ ಹಿಂದಿದ್ದ ಮಿಷನ್‌ದೇ. ಆದ್ದರಿಂದ ಈ ಕಾಲೇಜು ಏನು, ಹೇಗೆ ಬಂತು, ಅದಕ್ಕೆ ಇರುವ ಹೆಸರು ಎಂಥದ್ದು ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಬಾಸೆಲ್ ಮಿಷನ್ ಬಂದಿದ್ದು ಹೇಗೆ?

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಒಂದು ಮಿಷನ್ ಸಂಸ್ಥೆ ಶುರುವಾಯಿತು. ಅದರಲ್ಲಿ ಸೇರಿದವರು ಹೆಚ್ಚಾಗಿ ದಕ್ಷಿಣ ಜರ್ಮನಿಯವರು. ಇವರು ಪ್ರಾಟೆಸ್ಟೆಂಟರು. ಬೈಬಲೇ ಆಧಾರ, ಪ್ರತಿಯೊಬ್ಬರೂ ಅದನ್ನು ತಮ್ಮ ಭಾಷೆಯಲ್ಲೇ ಓದಬೇಕು, ಶುಭವಾರ್ತೆಯನ್ನು ಎಲ್ಲರಿಗೂ ಸಾರಬೇಕು ಎಂದು ನಂಬಿದವರು. ಇದಕ್ಕೇ ‘ಇವ್ಯಾಂಜೆಲಿಕಲ್’ ಎನ್ನುತ್ತಾರೆ. ಮಂಗಳೂರಿನಲ್ಲಿ ಇವತ್ತಿಗೂ ‘ಬಿ.ಇ.ಎಂ.’ ಅಂತ ಶಾಲೆಯ ಹೆಸರಿದೆಯಲ್ಲ, ಅದು ಬಾಸೆಲ್ ಇವ್ಯಾಂಜೆಲಿಕಲ್ ಮಿಷನ್.

ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿ ಸರ್ಕಾರದ ಸೀಮೆಯಲ್ಲಿ ಕೆಲಸ ಮಾಡಲು ದಾರಿ ತೆರೆದಿದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆ ಮೂಲಕ ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಬಲ್ಮಠದ ಜಾಗ ಮಿಷನ್‌ಗೆ ಸಿಕ್ಕಿದ್ದು ಅಂದಿನ ಕಲೆಕ್ಟರ್ ಬ್ಲೇರ್ ಅವರಿಂದ.

ಶಾಲೆ ಯಾಕೆ ಬೇಕಾಯಿತು?

ಬಂದವರಿಗೆ ಕನ್ನಡ ಬರುತ್ತಿರಲಿಲ್ಲ, ತುಳುವೂ ಇಲ್ಲ. ಜರ್ಮನಿಯಿಂದ ಎಷ್ಟು ಜನರನ್ನು ಕರೆಸಿದರೂ ಹಳ್ಳಿ ಹಳ್ಳಿಗೆ ಸಾಲದು. ಊರಿನವರಿಗೆ ಊರಿನವರೇ ಊರಿನ ಮಾತಿನಲ್ಲಿ ಹೇಳಬೇಕು ಅನ್ನೋದು ಮೋಗ್ಲಿಂಗ್ ಅವರ ವಿಚಾರ. ಅದಕ್ಕಾಗಿ ಹುಡುಗರನ್ನು ಸೇರಿಸಿಕೊಂಡು ತರಬೇತಿ ಕೊಡೋಕೆ ಶುರು ಮಾಡಿದರು. 1847ರಲ್ಲಿ ಅದಕ್ಕೆ ಸರಿಯಾದ ಸೆಮಿನರಿಯ ರೂಪ ಬಂತು. ಇವತ್ತಿನ ಕಾಲೇಜು ತನ್ನ ಹುಟ್ಟನ್ನು ಲೆಕ್ಕ ಹಾಕುವುದು ಅಲ್ಲಿಂದಲೇ.

ಒಂದು ವಿಷಯ ಗಮನಿಸಬೇಕು. ಕನ್ನಡದಲ್ಲಿ ಪಾಠ ಮಾಡಬೇಕು ಅಂದರೆ ಕನ್ನಡದಲ್ಲಿ ಪುಸ್ತಕ ಬೇಕು. ಪುಸ್ತಕಕ್ಕೆ ಅಚ್ಚಿನ ಯಂತ್ರ ಬೇಕು. ಬೈಬಲ್ಲನ್ನು ಸರಿಯಾಗಿ ಅನುವಾದ ಮಾಡಬೇಕು ಅಂದರೆ ವ್ಯಾಕರಣ ಗೊತ್ತಿರಬೇಕು, ನಿಘಂಟು ಬೇಕು, ಜನ ಹಾಡುವ ಪದ, ಆಡುವ ಗಾದೆ ಎಲ್ಲ ತಿಳಿದಿರಬೇಕು. ಧರ್ಮ ಸಾರುವ ಕೆಲಸಕ್ಕೆ ಹಾಕಿದ ಒಂದು ಶಾಲೆ ಸುತ್ತಮುತ್ತ ಒಂದು ಭಾಷಾ ಕಾರ್ಖಾನೆಯನ್ನೇ ಎಬ್ಬಿಸಿದ್ದು ಹೀಗೆ.

ಕಲ್ಲಚ್ಚು ಮತ್ತು ‘ಮಂಗಳೂರ ಸಮಾಚಾರ’

1841ರಲ್ಲಿ ಮೋಗ್ಲಿಂಗ್ ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ ಮುಂಬೈಯಿಂದ ಕಲ್ಲಚ್ಚಿನ ಯಂತ್ರ ತಂದರು. ಅದೇ ಬಾಸೆಲ್ ಮಿಷನ್ ಪ್ರೆಸ್ಸಿನ ಶುರು. ಎರಡು ವರ್ಷದ ನಂತರ, 1843ರ ಜುಲೈ 1ರಂದು, ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಸರ್ಕಾರದ ಕಾನೂನು ಸುದ್ದಿ, ದೂರದ ಊರಿನ ಸುದ್ದಿ, ಊರವರ ವರ್ತಮಾನ, ನೀತಿಕಥೆ ಎಲ್ಲ ಅದರಲ್ಲಿ ಇರುತ್ತಿದ್ದವು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಮಂಗಳೂರಿನಲ್ಲಿ ಅದು ನಡೆದಿದ್ದು ಒಂದು ವರ್ಷಕ್ಕೂ ಕಡಿಮೆ. ಆದರೂ ಪ್ರತಿವರ್ಷ ಜುಲೈ 1ಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲೂ ಪತ್ರಿಕಾ ದಿನ ಮಾಡುತ್ತಾರೆ ಅಂದರೆ ಅದರ ಕಾರಣ ಆ ಒಂದು ಕಲ್ಲಚ್ಚಿನ ಹಾಳೆ.

ಮೋಗ್ಲಿಂಗ್ ಅಲ್ಲಿಗೇ ನಿಲ್ಲಲಿಲ್ಲ. ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಕೊಟ್ಟರು. ಅದರಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ ಶುರುವಾಯಿತು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವ ಪುರಾಣ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ ಇವೆಲ್ಲ ಅದರಲ್ಲಿ ಅಚ್ಚಾದವು. ಲಿಂಗಾಯತರ ಪುರಾಣ, ವೈಷ್ಣವರ ದಾಸರ ಪದ ಎರಡನ್ನೂ ಓಲೆಗರಿಯಿಂದ ಅಚ್ಚಿಗೆ ತಂದವರು ಕ್ರೈಸ್ತ ಪಾದ್ರಿಗಳು. ಜನರ ನಂಬಿಕೆ ತಿಳಿದುಕೊಳ್ಳದೆ ಅವರ ಜೊತೆ ಧರ್ಮದ ಮಾತಾಡೋಕೆ ಆಗಲ್ಲ ಅನ್ನೋ ಲೆಕ್ಕಾಚಾರವೂ ಅದರಲ್ಲಿತ್ತು. ಲೆಕ್ಕಾಚಾರ ಏನೇ ಇರಲಿ, ಪುಸ್ತಕ ಉಳಿಯಿತು. 1858ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೋಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆನಂದರಾವ್ ಕೌಂಡಿನ್ಯ: ಒಂದು ಮನೆಯ ಕಥೆ

ಈ ಶಾಲೆಯ ಇತಿಹಾಸದಲ್ಲಿ ಮಂಗಳೂರಿನ ಮನೆಗಳನ್ನು ಅಲ್ಲಾಡಿಸಿದ ಘಟನೆಯೂ ಇದೆ. ಮಿಷನ್‌ನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ, 1844ರ ಜನವರಿಯಲ್ಲಿ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ತೆಗೆದುಕೊಂಡ. ಊರಲ್ಲಿ ದೊಡ್ಡ ಸಂಚಲನ. ಹರ್ಮನ್ ಅಂತ ಹೆಸರು ಸೇರಿ ಆತ ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಮನೆ ಕೈಬಿಟ್ಟಿತು. ಹೆಂಡತಿ ಜೊತೆಗೆ ಬರಲಿಲ್ಲ.

ಕೌಂಡಿನ್ಯ ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ವಾಪಸ್ ಬಂದರು. ಮುಂದೆ ಇದೇ ಸೆಮಿನರಿಯಲ್ಲಿ ಪಾಠ ಮಾಡಿದರು. 1860ರಲ್ಲಿ ಜರ್ಮನಿಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಕೊಡಗಿನ ಅಮ್ಮತ್ತಿ ಹತ್ತಿರ ಮೋಗ್ಲಿಂಗ್ ಕಟ್ಟಿದ ಕ್ರೈಸ್ತ ನೆಲೆಗೆ ಆನಂದಪುರ ಅಂತ ಹೆಸರು ಬಂದಿದ್ದು ಇವರಿಂದ. ಅದನ್ನು ನಮ್ಮ ಸಾಗರ ತಾಲ್ಲೂಕಿನ ಆನಂದಪುರ ಅಂತ ತಪ್ಪು ತಿಳಿಯಬಾರದು. ಎರಡೂ ಬೇರೆ ಬೇರೆ.

ಆ ಕಾಲದಲ್ಲಿ ಜಾತಿ ಬಿಟ್ಟವನಿಗೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಧರ್ಮ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದು ಅಂತ ಕಂಪನಿ ಸರ್ಕಾರ ಕಾಯ್ದೆ ಮಾಡಿದ್ದು 1850ರಲ್ಲಿ. ಅಂದರೆ ಇದು ಒಬ್ಬಿಬ್ಬರ ಸಮಸ್ಯೆ ಆಗಿರಲಿಲ್ಲ.

ಹೆಂಚಿಗೂ ಈ ಕಥೆಗೂ ಏನು ಸಂಬಂಧ?

ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡೋಕೆ ಮಿಷನ್ ನೇಯ್ಗೆ ಶುರು ಮಾಡಿತು. ಬಲ್ಮಠದ ನೇಯ್ಗೆ ಶಾಲೆಯ ಜಾನ್ ಹಾಲರ್ ಅವರು ಖಾಕಿ ಬಣ್ಣ ಕಂಡುಹಿಡಿದರು ಅನ್ನೋ ಮಾತು ಮಂಗಳೂರಿನಲ್ಲಿ ಇವತ್ತಿಗೂ ಇದೆ. ಖಾಕಿಯ ಹುಟ್ಟಿನ ಬಗ್ಗೆ ಬೇರೆ ಊರಿನವರ ವಾದವೂ ಇದೆ.

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅಲ್ಲಿಂದ ‘ಮಂಗಳೂರು ಹೆಂಚು’ ಹೆಸರಾಯಿತು. ಹೊನ್ನೆಮರಡು ಹಿನ್ನೀರಿನ ಆಚೀಚೆಯ ಊರುಗಳಿಂದ ಹಿಡಿದು ಹೊಸನಗರ, ತೀರ್ಥಹಳ್ಳಿವರೆಗೆ ಮಲೆನಾಡಿನ ಮಳೆಗೆ ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದಿದ್ದಕ್ಕೆ ಈ ಉದ್ಯಮ ಕಾರಣ. ಹಳೇ ಹೆಂಚು ಕೊಳ್ಳುವವರು, ಮಾರುವವರು ಒಂದು ವಿಷಯ ತಿಳಿದಿರಬೇಕು. ಹೆಂಚಿನ ಮೇಲೆ ‘ಬಾಸೆಲ್ ಮಿಷನ್’, ‘1865’ ಅಂತ ಅಚ್ಚು ಇದ್ದರೆ ಆ ಇಸವಿ ಕಾರ್ಖಾನೆ ಶುರುವಾಗಿದ್ದು. ಆ ಹೆಂಚನ್ನೇ 1865ರಲ್ಲಿ ಮಾಡಿದ್ದು ಅಂತ ಅರ್ಥವಲ್ಲ.

ಹೆಸೆ ಅಪ್ಪ ಪಾಠ ಹೇಳಿದ ಶಾಲೆ

‘ಸಿದ್ಧಾರ್ಥ’ ಕಾದಂಬರಿ ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸೆ ಹೆಸರು ಅನೇಕರಿಗೆ ಗೊತ್ತು. ಅವರ ತಂದೆ ಯೋಹಾನೆಸ್ ಹೆಸೆ 1869ರಲ್ಲಿ ಬಾಸೆಲ್ ಮಿಷನ್ ಮೂಲಕ ಇಲ್ಲಿಗೆ ಬಂದು, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಮಾಡಿದವರು. ಆರೋಗ್ಯ ಕೆಟ್ಟು 1873ರಲ್ಲಿ ವಾಪಸ್ ಹೋದರು. ಹೆಸೆಯ ತಾಯಿಯ ತಂದೆ ಹರ್ಮನ್ ಗುಂಡರ್ಟ್ ಕೂಡ ಇದೇ ಮಿಷನ್‌ನವರು. ಮಲಯಾಳಂ ನಿಘಂಟು ಮಾಡಿದವರು.

ಕಿಟೆಲ್: ಮಿಷನ್‌ಗೆ ಬೇಡವಾದ ಕೆಲಸ

1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿ ಕೆಲಸ ಮಾಡಿದರು. 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಬರೆದು ‘ಕಥಾಮಾಲೆ’ ಪ್ರಕಟಿಸಿದರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಸುಮಾರು 70 ಸಾವಿರ ಶಬ್ದ, 1,700ಕ್ಕೂ ಹೆಚ್ಚು ಪುಟ. ಮಂಗಳೂರಿನ ಬಾಸೆಲ್ ಮಿಷನ್ನೇ ಅದನ್ನು ಪ್ರಕಟಿಸಿದ್ದು.

ಆದರೆ ಕಿಟೆಲ್ ಇದನ್ನೆಲ್ಲ ಮಾಡಿದ್ದು ಮಿಷನ್‌ನ ಪೂರ್ತಿ ಒಪ್ಪಿಗೆಯಿಂದ ಅಲ್ಲ. ಧರ್ಮ ಸಾರೋದು ಬಿಟ್ಟು ಹಳಗನ್ನಡ ಓದುತ್ತಾ ಕೂರುತ್ತಾನೆ ಅನ್ನೋ ಅಸಮಾಧಾನ ಜೊತೆಗಾರರಲ್ಲೇ ಇತ್ತು. ಅವರ ಲೆಕ್ಕದಲ್ಲಿ ಅದು ಮುಖ್ಯ ಕೆಲಸವಲ್ಲ. ಈಗ ನೋಡಿದರೆ ಆ ಜೊತೆಗಾರರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಕಿಟೆಲ್ ಪ್ರತಿಮೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದೆ, ಧಾರವಾಡದಲ್ಲಿ ಕಿಟೆಲ್ ಕಾಲೇಜಿದೆ.

ತುಳುವಿಗೂ ಇದೇ ಮಿಷನ್‌ನವರು ದುಡಿದರು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂದವು.

ಯುದ್ಧ ಬಂತು, ಜರ್ಮನರು ಹೋದರು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಮಿಷನರಿಗಳನ್ನು ಬಂಧಿಸಿ ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. ಹೆಂಚು, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಚರ್ಚು, ಶಾಲೆ ನಡೆಸುವ ಹೊರೆ ಹೆಚ್ಚಾಗಿ ಊರಿನವರ ಹೆಗಲಿಗೇ ಬಿತ್ತು. ಇಲ್ಲೇ ಓದಿ ತಯಾರಾದ ಉಪದೇಶಿಗಳು, ಪಾಲಕರು ಆಗ ಇಲ್ಲದಿದ್ದರೆ ಇಲ್ಲಿನ ಪ್ರಾಟೆಸ್ಟೆಂಟ್ ಸಭೆಗಳು ಕಷ್ಟಕ್ಕೆ ಬೀಳುತ್ತಿದ್ದವು.

1965: ಘಟ್ಟದ ಮೇಲಿನವರೂ ಕೆಳಗಿನವರೂ ಸೇರಿದರು

ನಮ್ಮ ಶಿವಮೊಗ್ಗ ಸೀಮೆ ಹಳೇ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಇಲ್ಲಿ ಕೆಲಸ ಮಾಡಿದ್ದು ಹೆಚ್ಚಾಗಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಶಿವಮೊಗ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಅವರ ಕೇಂದ್ರಗಳು. ಮೈಸೂರಿನಲ್ಲಿ ಅವರದ್ದೇ ಪ್ರೆಸ್ ಇತ್ತು, 1887ರಿಂದ ‘ವೃತ್ತಾಂತ ಪತ್ರಿಕೆ’ ಬರುತ್ತಿತ್ತು. ಪಾದ್ರಿಗಳ ತರಬೇತಿಗೆ ತುಮಕೂರಿನಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ಇತ್ತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಹುಟ್ಟಿತು. ಬೇರೆ ಬೇರೆ ಮಿಷನ್‌ಗಳ ಚರ್ಚುಗಳು ಒಂದಾಗುವ ಕಾಲ ಅದು. 1965ರಲ್ಲಿ ತುಮಕೂರಿನ ಸೆಮಿನರಿ ಮತ್ತು ಮಂಗಳೂರಿನ ಬಾಸೆಲ್ ಸೆಮಿನರಿ ಒಂದುಗೂಡಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು.

ಈಗ ಅಲ್ಲಿ ಏನು ಕಲಿಸುತ್ತಾರೆ?

ಕಾಲೇಜು ಪಶ್ಚಿಮ ಬಂಗಾಳದ ಸೆರಾಂಪುರ ಸೆನೆಟ್‌ಗೆ ಸೇರಿದೆ. ಸೆರಾಂಪುರ ಕಾಲೇಜನ್ನು 1818ರಲ್ಲಿ ವಿಲಿಯಂ ಕೇರಿ ಮತ್ತು ಜೊತೆಗಾರರು ಕಟ್ಟಿದರು. 1827ರಲ್ಲಿ ಡೆನ್ಮಾರ್ಕ್ ರಾಜ ಅದಕ್ಕೆ ಪದವಿ ಕೊಡುವ ಅಧಿಕಾರ ಕೊಟ್ಟ. ಈ ಕೇರಿ 1817ರಲ್ಲೇ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದರು ಅನ್ನೋದು ಇನ್ನೊಂದು ವಿಶೇಷ.

ಪಾಠ ಬರೀ ಬೈಬಲ್ ಅಲ್ಲ. ಹೀಬ್ರೂ, ಗ್ರೀಕ್ ಭಾಷೆ, ಚರ್ಚಿನ ಇತಿಹಾಸ, ಆಪ್ತ ಸಮಾಲೋಚನೆ, ಜೊತೆಗೆ ಹಿಂದೂ, ಇಸ್ಲಾಂ ಮುಂತಾದ ಧರ್ಮಗಳ ಅಧ್ಯಯನವೂ ಸೆರಾಂಪುರ ಪಠ್ಯದಲ್ಲಿ ಇರುತ್ತದೆ. ಓದಿ ಬಂದವರು ಹೆಚ್ಚಾಗಿ ಸಭಾಪಾಲಕರಾಗುತ್ತಾರೆ. ಬೆಂಗಳೂರಿನಲ್ಲಿ 1910ರ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು, 1982ರ ಸಾಯಕ್ಸ್ ಮುಂತಾದವು ಇವೆ. ಅಲ್ಲಿ ಓದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಕಲಿಸುವ ಕಾಲೇಜು ಅಂದರೆ ಬಲ್ಮಠದ್ದು ಅನ್ನೋದೇ ಇದರ ಗುರುತು.

ಇನ್ನೊಂದು ಗುರುತು ಅಲ್ಲಿನ ದಾಖಲೆ ಸಂಗ್ರಹಾಲಯ. ಬಾಸೆಲ್ ಮಿಷನ್ ಕಾಲದ ಕಾಗದಪತ್ರ, ಹಳೇ ಅಚ್ಚು ಪುಸ್ತಕ, ಓಲೆಗರಿ ಅಲ್ಲಿವೆ. ಸಂಶೋಧನೆ ಮಾಡುವವರು ಯಾವ ಧರ್ಮದವರಾದರೂ ಅಲ್ಲಿಗೆ ಹೋಗುತ್ತಾರೆ. 19ನೇ ಶತಮಾನದ ಕನ್ನಡದ ಬಗ್ಗೆ ‘ಹೊಸಗನ್ನಡದ ಅರುಣೋದಯ’ ಬರೆದ ಶ್ರೀನಿವಾಸ ಹಾವನೂರರು ಮಿಷನರಿಗಳ ಕೆಲಸವನ್ನು ಕನ್ನಡಿಗರಿಗೆ ಮತ್ತೆ ಪರಿಚಯಿಸಿದರು. ಅಂಥ ಅಧ್ಯಯನಕ್ಕೆಲ್ಲ ಬೇಕಾಗುವುದು ಇಂಥ ದಾಖಲೆಗಳೇ.

ಮತಾಂತರದ ಪ್ರಶ್ನೆ

ಇದನ್ನು ಬಿಟ್ಟರೆ ಕಥೆ ಅರ್ಧ ಆಗುತ್ತದೆ. ಸೆಮಿನರಿ ಹುಟ್ಟಿದ್ದೇ ಧರ್ಮ ಸಾರೋಕೆ. ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಮನೆ ಒಡೆದ ನೋವು ಒಂದು ಕಡೆ, ಜಾತಿಯ ಕೆಳಗೆ ಸಿಕ್ಕಿದ್ದವರಿಗೆ ಅಕ್ಷರ, ಕೂಲಿ ಸಿಕ್ಕಿದ್ದು ಇನ್ನೊಂದು ಕಡೆ. ಒಂದೇ ಕಥೆಯನ್ನು ಎರಡು ಮನೆಯವರು ಎರಡು ರೀತಿ ಹೇಳುತ್ತಾರೆ.

ಈಗಿನ ಕಾನೂನು ಹೀಗಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಸಾರುವ ಹಕ್ಕು ಕೊಡುತ್ತದೆ. ಸಾರುವ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ಕಾಯ್ದೆ ಬಂತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ಪಾದ್ರಿಗಳ ಕಾಲೇಜು ನಡೆಸುವುದು ಮಾತ್ರ ಯಾವ ಕಾಲದಲ್ಲೂ ಕಾನೂನುಬಾಹಿರ ಆಗಿರಲಿಲ್ಲ. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ.

ಎಲ್ಲ ಚರ್ಚನ್ನೂ ಒಂದೇ ಅಂತ ತಿಳಿಯುವುದು ನಮ್ಮಲ್ಲಿ ಸಾಮಾನ್ಯ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಸುತ್ತ ಚರ್ಚ್ ದಾಳಿಗಳಾದಾಗ ದೂರು ಇದ್ದಿದ್ದು ಒಂದು ಪಂಗಡದ ಮೇಲೆ, ಪೆಟ್ಟು ಬಿದ್ದಿದ್ದು ಕೆಥೊಲಿಕ್ ಪ್ರಾರ್ಥನಾ ಮಂದಿರಕ್ಕೂ. ಕೆಥೊಲಿಕರ ಪಾದ್ರಿಗಳು ತಯಾರಾಗುವುದು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಂಥ ಕಡೆ. ಸಿ.ಎಸ್.ಐ. ಪಾಲಕರು ತಯಾರಾಗುವುದು ಬಲ್ಮಠದಂಥ ಕಡೆ. ಯಾವ ಕಾಲೇಜಿಗೂ ಸೇರದ ಸ್ವತಂತ್ರ ಪ್ರಾರ್ಥನಾ ಕೂಟಗಳು ಬೇರೆ. ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ತಿಳಿದು ಮಾತಾಡಿದರೆ ಅರ್ಧ ಜಗಳ ಅಲ್ಲೇ ಕಡಿಮೆ ಆಗುತ್ತದೆ.

ಕೊನೆಗೆ ಉಳಿದಿದ್ದು

ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರು ಅನ್ನೋದೇ ಬಾಸೆಲ್‌ನವರ ಲೆಕ್ಕ ಆಗಿತ್ತು. ಆ ಲೆಕ್ಕದಲ್ಲಿ ಅವರು ದೊಡ್ಡದಾಗಿ ಗೆಲ್ಲಲಿಲ್ಲ. ಕರ್ನಾಟಕದಲ್ಲಿ ಕ್ರೈಸ್ತರು 2011ರ ಜನಗಣತಿ ಪ್ರಕಾರ ನೂರಕ್ಕೆ ಇಬ್ಬರೂ ಇಲ್ಲ, ಅವರಲ್ಲೂ ಎಲ್ಲರೂ ಬಾಸೆಲ್ ಸಭೆಯವರಲ್ಲ. ಅವರು ಪಕ್ಕದ ಕೆಲಸ ಅಂದುಕೊಂಡ ಅಚ್ಚು, ಪತ್ರಿಕೆ, ನಿಘಂಟು, ಹೆಂಚು ಮಾತ್ರ ಎಲ್ಲರ ಮನೆ ಸೇರಿತು.

ಬಲ್ಮಠದ ಕಾಲೇಜಿಗೆ ಇವತ್ತು ಇರುವ ಒಳ್ಳೆಯ ಹೆಸರು ಬಂದಿದ್ದು ಕನ್ನಡದಿಂದ. ಆ ಹೆಸರು ಉಳಿಯುವುದೂ ಕನ್ನಡದಲ್ಲಿ ಪಾಠ ನಡೆಯುವ ತನಕ, ಆ ಕಾಗದ ಓಲೆಗರಿಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವ ತನಕ. ಅದು ಬರೀ ಕ್ರೈಸ್ತರ ಆಸ್ತಿ ಅಲ್ಲ. ನಿಘಂಟು ಬಿಡಿಸಿ ಒಂದು ಪದ ಹುಡುಕಿದ ಪ್ರತಿಯೊಬ್ಬರಿಗೂ ಅದರಲ್ಲಿ ಪಾಲಿದೆ.